ಅಕ್ಕೋರೇ, ಅದು ಭಾಗ ಆಗ್ತದಾ?

ಜೂನ್ ತಿಂಗಳ ಮೊದಲ ವಾರವೆಂದರೆ ನಮ್ಮ ಹೈಸ್ಕೂಲಿನ ಆಫೀಸು ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ಸಾಲು, ಮೇಜಿನ ಮೇಲೆ ಪ್ರವೇಶದ ಅರ್ಜಿಗಳ ರಾಶಿ. ಈಚೆಗೊಂದು ವರ್ಷ ಅಂಥದೇ ಗಡಿಬಿಡಿಯ ಮಧ್ಯೆ ಹೆಂಗಸೊಬ್ಬಳು ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಬಂದಿದ್ದಳು. ಅರ್ಜಿಗೆ ಸಹಿ ಹಾಕಿ ಪೆನ್ನು ವಾಪಸು ಕೊಡುತ್ತ, “ನನ್ನ ಗುರ್ತು ಸಿಕ್ಲಿಲ್ಲ ಅಲ್ಲಾ ಅಕ್ಕೋರೇ?” ಎಂದಳು. ಕಣ್ಣು ಕಿರಿದು ಮಾಡಿ ನೋಡಿದೆ. ಗುರುತು ಸಿಕ್ಕಿತು. ನಾನು ಆ ಶಾಲೆಗೆ ಹೊಸದಾಗಿ ಬಂದ ಕಾಲದ ಹುಡುಗಿ. ಮನೆ, ಗಂಡ, ತೋಟ ಎಂದು ನಾಲ್ಕು ಮಾತು ಆಯಿತು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವುದು ತಾನೇ ಎಂದಳು. ಹೊರಟವಳು ಬಾಗಿಲ ಹತ್ತಿರ ನಿಂತು ತಿರುಗಿ, “ಅಕ್ಕೋರೇ, ಆ ಭತ್ತದ ಕಾಳಿನ ಸಂಖ್ಯೆ ಕಡೆಗೂ ಭಾಗ ಆಗ್ತದಾ? ನಾನು 613ರ ತನಕ ಮಾಡಿದ್ದೆ” ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಅವಳು 613ಕ್ಕೆ ನಿಲ್ಲಿಸಿದ್ದು ಯಾಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಓದಿದ್ದು ಬಿ.ಎ., ಬಿ.ಎಡ್. ಪಾಠ ಮಾಡುವುದು ಇತಿಹಾಸ. 1998ರಲ್ಲಿ ನಮ್ಮ ಶಾಲೆಯ ಗಣಿತದ ಮಾಸ್ತರರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ಕರೆದು, ಎಂಟನೇ ತರಗತಿಯ ಗಣಿತವನ್ನು ಅರ್ಧ ವರ್ಷದ ಮಟ್ಟಿಗೆ ನೀವೇ ಸುಧಾರಿಸಬೇಕು ಎಂದರು. ರಾತ್ರಿ ಕೂತು ಕಲಿಯುವುದು, ಬೆಳಿಗ್ಗೆ ಹೋಗಿ ಕಲಿಸುವುದು. ಘಾತಾಂಕದ ಪಾಠ ಬಂದಾಗ ಚದುರಂಗದ ಮನೆಗಳಲ್ಲಿ ಕಾಳು ಇಮ್ಮಡಿಸುವ ಹಳೆಯ ಕತೆಯನ್ನು ನಮ್ಮೂರಿಗೆ ಹೊಂದಿಸಿ ಹೇಳಿದೆ. ಜನವರಿ 1ರಂದು ಒಂದು ಭತ್ತದ ಕಾಳು, 2ರಂದು ಎರಡು, 3ರಂದು ನಾಲ್ಕು. ಹೀಗೆ ದಿನಕ್ಕೆರಡು ಪಟ್ಟು ಮಾಡುತ್ತ ಹೋದರೆ ತಿಂಗಳ ಕೊನೆಗೆ ಒಟ್ಟು ಎಷ್ಟು ಕಾಳು? ಮಕ್ಕಳು ಒಂದು ಮುಷ್ಟಿ ಎಂದರು, ಒಂದು ಕೊಳಗ ಎಂದರು. ಲೆಕ್ಕ ಹಾಕಿದಾಗ 2,14,74,83,647 ಬಂತು. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಸಾವಿರ ಕಾಳಿಗೆ 25 ಗ್ರಾಂ ಹಿಡಿದರೂ 75 ಕಿಲೋದ ಏಳುನೂರು ಚೀಲ ಭತ್ತ! ತರಗತಿ ಹೋ ಎಂದಿತು. ಎರಡನ್ನು ಮೂವತ್ತೊಂದು ಸಲ ಗುಣಿಸಿ ಅದರಲ್ಲಿ ಒಂದು ಕಳೆದರೆ ಇದೇ ಸಂಖ್ಯೆ ಬರುತ್ತದೆ ಎಂದು ಹೇಳಿ ಪಾಠ ಮುಗಿಸಿದೆ.

ಕೆಲವು ದಿನಗಳ ಬಳಿಕ ಅವಿಭಾಜ್ಯ ಸಂಖ್ಯೆಗಳ ವಿಷಯ ಬಂತು. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ 2, 3, 5, 7, 11ರಂಥ ಸಂಖ್ಯೆಗಳು. ಈ ಹುಡುಗಿ ಎದ್ದು ನಿಂತು, ಮೊನ್ನೆಯ ಭತ್ತದ ಸಂಖ್ಯೆ ಅವಿಭಾಜ್ಯವೇ ಎಂದು ಕೇಳಿದಳು. ಮಾಡಿ ನೋಡು ಎಂದೆ. ಮಾಡಿ ನೋಡು ಎಂದರೆ ಬಿಟ್ಟುಬಿಡು ಎಂಬ ಅರ್ಥವೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮೂರು ವಾರದ ಮೇಲೆ ಒಂದು ನೋಟುಬುಕ್ಕು ತಂದು ಮೇಜಿನ ಮೇಲಿಟ್ಟಳು. ಪುಟ ತುಂಬ ಭಾಗಾಕಾರ. 3, 7, 11, 13 ಎಂದು ಹೊರಟು 613ರ ತನಕ ಬಂದಿದ್ದಳು. ಆ ಹೊತ್ತಿಗೆ ನನ್ನ ಮುಂದೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ಅವಳ ಗಣಿತದ ಅಂಕವೂ ಅದರಲ್ಲಿ ಹೇಳಿಕೊಳ್ಳುವಂತಿರಲಿಲ್ಲ. “ಇದ್ರಿಂದ ಏನು ಉಪಯೋಗ? ಯಾರಿಗೆ ಬೇಕು ಇದು? ಸಾಕು ಮಾಡು, ಪರೀಕ್ಷೆಗೆ ಬರೋದನ್ನ ಓದು” ಎಂದೆ. ಅವಳು ನೋಟುಬುಕ್ಕು ತೆಗೆದುಕೊಂಡು ಹೋದಳು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಈಗ ಅವಳು ಬಾಗಿಲಲ್ಲಿ ನಿಂತು ಕೇಳಿದಾಗ, ಹುಡುಕಿ ಹೇಳುತ್ತೇನೆ ಎಂದೆ. ಗಣಿತ ನನಗೆ ಅಷ್ಟಾಗಿ ಬರದು, ಆದರೆ ಇತಿಹಾಸ ಹುಡುಕುವುದು ಬರುತ್ತದೆ. ಆ ಮಳೆಗಾಲವೆಲ್ಲ ಮಗಳ ಲ್ಯಾಪ್‌ಟಾಪು, ಗೆಳತಿಯೊಬ್ಬಳು ಕಾಲೇಜಿನಿಂದ ತಂದುಕೊಟ್ಟ ಗಣಿತ ಚರಿತ್ರೆಯ ಪುಸ್ತಕಗಳು, ನಾನು. ಸಂಖ್ಯೆಗೂ ರಾಜರಿಗಿರುವಂತೆ ಒಂದು ಚರಿತ್ರೆಯಿರುತ್ತದೆಂದು ನನಗೆ ತಿಳಿದದ್ದು ಆಗಲೇ.

ಕತೆ ಗ್ರೀಕರಿಂದ ಶುರುವಾಗುತ್ತದೆ. 6ನ್ನು ಭಾಗಿಸುವ ಸಣ್ಣ ಸಂಖ್ಯೆಗಳು 1, 2, 3. ಕೂಡಿಸಿದರೆ ಮತ್ತೆ 6. 28ಕ್ಕೂ ಹಾಗೆಯೇ: 1, 2, 4, 7, 14 ಕೂಡಿಸಿದರೆ 28. ಇಂಥವನ್ನು ಪರಿಪೂರ್ಣ ಸಂಖ್ಯೆಗಳೆಂದರು. ಇವನ್ನು ಪಡೆಯುವ ದಾರಿ ಯೂಕ್ಲಿಡ್‌ನ ಗ್ರಂಥದ ಒಂಬತ್ತನೆಯ ಭಾಗದಲ್ಲಿದೆ. ನಮ್ಮ ಭತ್ತದ ಲೆಕ್ಕದಂತೆ 1, 2, 4, 8 ಎಂದು ಕೂಡಿಸುತ್ತ ಹೋಗಿ. ಮೊತ್ತ ಅವಿಭಾಜ್ಯವಾದಾಗಲೆಲ್ಲ ಅದನ್ನು ಕೊನೆಯ ದಿನದ ಕಾಳಿನಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಎರಡು ದಿನದ ಮೊತ್ತ 3, ಕೊನೆಯ ದಿನದ್ದು 2, ಗುಣಿಸಿದರೆ 6. ಮೂರು ದಿನದ್ದು 7, ಕೊನೆಯದು 4, ಗುಣಿಸಿದರೆ 28. ಹಾಗಾದರೆ ಯಾವ ಯಾವ ದಿನದ ಮೊತ್ತ ಅವಿಭಾಜ್ಯ? ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಜನ ತಲೆ ಕೆಡಿಸಿಕೊಂಡದ್ದು ಈ ಪ್ರಶ್ನೆಗೆ.

ದಿನಗಳ ಸಂಖ್ಯೆ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವಾದರೂ ಹನ್ನೊಂದು ದಿನದ ಮೊತ್ತ 2047 ಅವಿಭಾಜ್ಯವಲ್ಲ. ಅದು 23 ಮತ್ತು 89ರ ಗುಣಲಬ್ಧ. ಇಟಲಿಯ ಬೊಲೋನ್ಯಾದ ಗಣಿತಜ್ಞ ಕತಾಲ್ದಿ 17 ಮತ್ತು 19 ದಿನದ ಮೊತ್ತಗಳನ್ನು, ಅಂದರೆ 1,31,071 ಮತ್ತು 5,24,287ನ್ನು, ಕೈಯಾರೆ ಪರೀಕ್ಷಿಸಿ ಅವಿಭಾಜ್ಯವೆಂದು 1603ರಲ್ಲಿ ಪ್ರಕಟಿಸಿದ. ದಾರಿ ನಮ್ಮ ಹುಡುಗಿಯದೇ: ಸಣ್ಣ ಅವಿಭಾಜ್ಯಗಳಿಂದ ಒಂದಾದ ಮೇಲೊಂದರಂತೆ ಭಾಗಿಸಿ ನೋಡುವುದು. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲೊಂದು ವರ್ಗಮೂಲವನ್ನು ಮೀರಲಾರದಷ್ಟೆ. ಹೀಗಾಗಿ 5,24,287ಕ್ಕೆ 724ರ ಒಳಗಿನ 128 ಅವಿಭಾಜ್ಯಗಳು ಸಾಕು. ಕತಾಲ್ದಿ ಅಲ್ಲಿಗೆ ನಿಂತ. ಮುಂದೆ 23, 29, 31, 37 ದಿನದ ಮೊತ್ತಗಳೂ ಅವಿಭಾಜ್ಯವೆಂದು ಭಾಗಿಸದೆಯೇ ಹೇಳಿಬಿಟ್ಟ. 23 ಮತ್ತು 37 ತಪ್ಪೆಂದು ಫ್ರಾನ್ಸಿನ ಫರ್ಮಾ 1640ರಲ್ಲಿ ತೋರಿಸಿದ. 29 ಆಮೇಲೆ ಬಿತ್ತು. ನಾಲ್ಕರಲ್ಲಿ ಉಳಿದದ್ದು ನಮ್ಮ ಜನವರಿ ತಿಂಗಳ 31 ಒಂದೇ.

1644ರಲ್ಲಿ ಮೆರ್ಸೆನ್ ಎಂಬ ಫ್ರೆಂಚ್ ಸನ್ಯಾಸಿ 257ರ ತನಕ ಯಾವ ಯಾವ ದಿನದ ಮೊತ್ತ ಅವಿಭಾಜ್ಯವೆಂದು ಒಂದು ಪಟ್ಟಿ ಕೊಟ್ಟ. ಅದರಲ್ಲಿ 31 ಇತ್ತು, ತಪ್ಪುಗಳೂ ಇದ್ದವು. 67 ಮತ್ತು 257 ಇರಬಾರದಿತ್ತು. 61, 89, 107 ಇರಬೇಕಿತ್ತು. ಆದರೂ ಈ ಜಾತಿಯ ಸಂಖ್ಯೆಗಳಿಗೆ ಅವನ ಹೆಸರೇ ನಿಂತಿತು. ತಪ್ಪು ಪಟ್ಟಿ ಕೊಟ್ಟವನ ಹೆಸರು ಉಳಿಯುವುದು ಇತಿಹಾಸದಲ್ಲಿ ಹೊಸದೇನೂ ಅಲ್ಲ. ಒಂದು ಪ್ರಶ್ನೆಯನ್ನು ಮುನ್ನೂರು ವರ್ಷ ಜೀವಂತ ಇಡಲು ಆ ಪಟ್ಟಿ ಸಾಕಾಯಿತು.

ಇಷ್ಟಾದರೂ 31ರ ವಿಷಯ ಇತ್ಯರ್ಥವಾಗಿರಲಿಲ್ಲ. 2,14,74,83,647ರ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ 4,700ಕ್ಕೂ ಮಿಕ್ಕಿ ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಹತ್ತಂಕಿಯ ಸಂಖ್ಯೆಯನ್ನು ಭಾಗಿಸುತ್ತ ಕೂರಬೇಕು, ಒಂದು ಕಡೆ ಕೈ ತಪ್ಪಿದರೂ ಎಲ್ಲ ನೀರಪಾಲು. ಇದನ್ನು ಬಗೆಹರಿಸಿದವನು ಆಯ್ಲರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1707ರಲ್ಲಿ ಹುಟ್ಟಿ, ರಷ್ಯದ ಪೀಟರ್ಸ್‌ಬರ್ಗ್ ಮತ್ತು ಬರ್ಲಿನ್‌ಗಳಲ್ಲಿ ಬಾಳಿದವನು. ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು 1771ರಲ್ಲಿ ಶಸ್ತ್ರಚಿಕಿತ್ಸೆಯಾಗಿ, ಕೆಲವು ದಿನ ಕಂಡು, ಮತ್ತೆ ಕತ್ತಲಾಯಿತು. ಆಮೇಲೆ ಅವನು ಹೇಳುವುದು, ಮಕ್ಕಳೂ ಶಿಷ್ಯರೂ ಬರೆದುಕೊಳ್ಳುವುದು. 1772ರಲ್ಲಿ, ತನ್ನ 65ನೆಯ ವಯಸ್ಸಿನಲ್ಲಿ, ಬರ್ನುಲಿಗೆ ಬರೆದ ಪತ್ರದಲ್ಲಿ ಈ ಸಂಖ್ಯೆ ಅವಿಭಾಜ್ಯವೇ ಹೌದೆಂದು ತಿಳಿಸಿದ.

ಅವನು ಅಷ್ಟೂ ಸಂಖ್ಯೆಗಳಿಂದ ಭಾಗಿಸಲಿಲ್ಲ. ಯಾವುದರಿಂದ ಭಾಗಿಸಬೇಕಾಗಿಲ್ಲ ಎಂಬುದನ್ನು ಮೊದಲು ಕಂಡುಕೊಂಡ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು. ಅರ್ಥವಾದ ದಿನ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಮಕ್ಕಳನ್ನು ಅಂಗಳದಲ್ಲಿ ವೃತ್ತವಾಗಿ ಕೂರಿಸಿದಂತೆ ಎಣಿಸಿಕೊಳ್ಳಿ. 23ನ್ನೇ ತೆಗೆದುಕೊಳ್ಳೋಣ. 1ರಿಂದ ಹೊರಟು ಇಮ್ಮಡಿಸುತ್ತ ಹೋಗುವುದು, 23 ದಾಟಿದಾಗಲೆಲ್ಲ 23 ಕಳೆಯುವುದು. 1, 2, 4, 8, 16, 9, 18, 13, 3, 6, 12. ಮುಂದಿನದು 24, 23 ಕಳೆದರೆ ಮತ್ತೆ 1. ಹನ್ನೊಂದು ಹೆಜ್ಜೆಗೆ ವೃತ್ತ ಮುಚ್ಚಿತು. ಹನ್ನೊಂದು ಸಲ ಇಮ್ಮಡಿಸಿದಾಗ 1 ಉಳಿಯಿತೆಂದರೆ, ಆ 1ನ್ನು ಕಳೆದು ಉಳಿದ 2047 ಎಂಬುದು 23ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದೇ ಅರ್ಥ. 23ಕ್ಕೆ ಇರಬಹುದಾದ ಶೇಷಗಳು 1ರಿಂದ 22ರ ತನಕ. ಹನ್ನೊಂದು ಈ ವೃತ್ತದಲ್ಲಿ ಕೂತವು. ಉಳಿದವು ಬಿಡಿಬಿಡಿಯಾಗಿ ಇರುವುದಿಲ್ಲ. 5ರಿಂದ ಹೊರಟು ಇಮ್ಮಡಿಸಿ ನೋಡಿ, ಅವೂ ಹನ್ನೊಂದರ ಇನ್ನೊಂದು ವೃತ್ತವಾಗುತ್ತವೆ. ಅಂದರೆ 22 ಎಂಬುದು 11ರ ಅಪವರ್ತ್ಯವಾಗಿರಲೇಬೇಕು.

ನಮ್ಮ ದೊಡ್ಡ ಸಂಖ್ಯೆಗೂ ಇದೇ ನ್ಯಾಯ. ಅದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ ಅದರ ಶೇಷಗಳು ಮೂವತ್ತೊಂದರ ವೃತ್ತಗಳಾಗಿ ಕೂರಬೇಕು. 31 ತಾನೇ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಸಣ್ಣ ವೃತ್ತವಾಗುವಂತಿಲ್ಲ. ಹಾಗಾಗಿ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ 31ರ ಅಪವರ್ತ್ಯ ಬರಬೇಕು. ಅದು ಸಮಸಂಖ್ಯೆಯೂ ಆಗಿರುವುದರಿಂದ 62ರ ಅಪವರ್ತ್ಯವೇ ಆಗಬೇಕು. ಜೊತೆಗೆ ಇನ್ನೊಂದು ನಿಯಮ: ಅದನ್ನು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಈ ಎರಡು ಜರಡಿ ಹಿಡಿದರೆ 46,340ರೊಳಗೆ ಸುಮಾರು 370 ಸಂಖ್ಯೆಗಳು ಉಳಿಯುತ್ತವೆ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ಆರಿಸಿದರೆ ನೂರರೊಳಗೆ. ಯಾವುದೂ ಭಾಗಿಸಲಿಲ್ಲ. ಕತೆ ಮುಗಿಯಿತು.

ನಾನು ಕೂಡಲೇ ನೋಡಿದ್ದು 613ರೊಳಗೆ ಎಷ್ಟಿವೆ ಎಂದು. 2ರಿಂದ 613ರ ತನಕ ಅವಿಭಾಜ್ಯಗಳು 112. ಆಯ್ಲರ್‌ನ ಜರಡಿಯಲ್ಲಿ ನಿಲ್ಲುವುದು ಅವುಗಳಲ್ಲಿ ಒಂದೇ ಒಂದು, 311. ಅದಾದ ಮೇಲೆ 1303ರ ತನಕ ಬೇರೆ ಇಲ್ಲ. ಮೂರು ವಾರ ಆ ಹುಡುಗಿ ಮಾಡಿದ ಅಷ್ಟು ಲೆಕ್ಕಗಳಲ್ಲಿ ಬೇಕಾಗಿದ್ದುದು ಒಂದು. ಹಾಗೆಂದು ಉಳಿದವು ವ್ಯರ್ಥವೆಂದು ನನಗೆ ಅನ್ನಿಸಲಿಲ್ಲ. ಕತಾಲ್ದಿಯೂ ಅದೇ ದಾರಿಯಲ್ಲಿ ಹೋಗಿ 724ರ ಹತ್ತಿರ ನಿಂತವನು. ಅವಳು 613ಕ್ಕೆ ಬಂದಿದ್ದಳು. ಅವನಿಗೆ ಸಾಕು ಮಾಡು ಎನ್ನುವ ಅಕ್ಕೋರು ಇರಲಿಲ್ಲ.

ಆದರೆ ಸಾಕು ಎಂದವರು ಚರಿತ್ರೆಯಲ್ಲೂ ಇದ್ದಾರೆ. ಅಲ್ಲಿಯೇ ನನಗೆ ಮುಖಭಂಗವಾದದ್ದು. ಇಂಗ್ಲೆಂಡಿನ ಪೀಟರ್ ಬಾರ್ಲೊ ವೂಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಗಣಿತದ ಮೇಷ್ಟರು. 1811ರಲ್ಲಿ ಸಂಖ್ಯೆಗಳ ಬಗ್ಗೆ ಒಂದು ಪುಸ್ತಕ ಬರೆದ. ಆಯ್ಲರ್‌ನ ಅವಿಭಾಜ್ಯದಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗೆ 19 ಅಂಕಿಗಳಿವೆ: 2305843008139952128. ಬಾರ್ಲೊ ಇದನ್ನು ಕುರಿತು, ಇದಕ್ಕಿಂತ ದೊಡ್ಡದು ಎಂದೆಂದಿಗೂ ಸಿಗಲಾರದು, ಯಾಕೆಂದರೆ ಇವು ಬರಿಯ ಕುತೂಹಲದ ವಸ್ತುಗಳು, ಉಪಯೋಗಕ್ಕೆ ಬಾರದವು, ಮುಂದಿನದನ್ನು ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ ಎಂಬರ್ಥದ ಮಾತು ಬರೆದ. ಓದುತ್ತಿದ್ದಂತೆ ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತೆ. ಏನು ಉಪಯೋಗ, ಯಾರಿಗೆ ಬೇಕು, ಸಾಕು ಮಾಡು. ನನ್ನದೇ ಮಾತು, ನನಗಿಂತ 187 ವರ್ಷ ಮೊದಲು.

ಬಾರ್ಲೊ ದಡ್ಡನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಅವನ ಗಣಿತದ ಕೋಷ್ಟಕಗಳನ್ನು ಜನ ನೂರೈವತ್ತು ವರ್ಷದ ತನಕ ಬಳಸಿದರು. ಹಡಗಿನ ಕಬ್ಬಿಣದಿಂದಾಗಿ ದಿಕ್ಸೂಚಿ ದಾರಿ ತಪ್ಪುವುದನ್ನು ಸರಿಪಡಿಸುವ ಉಪಾಯ ಕಂಡುಹಿಡಿದು 1825ರಲ್ಲಿ ಕಾಪ್ಲಿ ಪದಕ ಪಡೆದವನು. ಉಪಯೋಗ ಎಂದರೇನೆಂದು ಬಲ್ಲವನು. ಬಹುಶಃ ಅದಕ್ಕೇ ಎಡವಿದ. ಕೈಯಲ್ಲಿ ಕೆಲಸ ತುಂಬಿರುವವರಿಗೆ ಇನ್ನೊಬ್ಬರ ಕುತೂಹಲ ಕಾಲಹರಣದಂತೆ ಕಾಣುತ್ತದೆ. ನನ್ನ ಮುಂದೆಯೂ ಉತ್ತರಪತ್ರಿಕೆಗಳಿದ್ದವು.

1862ರಲ್ಲಿ ಬಾರ್ಲೊ ತೀರಿಕೊಳ್ಳುವ ತನಕ ಅವನ ಮಾತು ಸುಳ್ಳಾಗಲಿಲ್ಲ. ಆಯ್ಲರ್‌ನ ಸಂಖ್ಯೆ 95 ವರ್ಷ ಗೊತ್ತಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿ ಉಳಿಯಿತು. 1867ರಲ್ಲಿ ಫ್ರಾನ್ಸಿನ ಲಾಂದ್ರಿ 13 ಅಂಕಿಯ ಇನ್ನೊಂದನ್ನು ಕಂಡುಕೊಂಡ. 1876ರಲ್ಲಿ ಅದೇ ದೇಶದ ಲ್ಯೂಕಾ, ಭಾಗಿಸಿ ನೋಡುವ ಹಾದಿಯನ್ನೇ ಬಿಟ್ಟು ಹೊಸ ಪರೀಕ್ಷೆಯೊಂದನ್ನು ರೂಪಿಸಿ, 127 ದಿನದ ಮೊತ್ತ ಅವಿಭಾಜ್ಯವೆಂದು ತೋರಿಸಿದ. 39 ಅಂಕಿಯ ಸಂಖ್ಯೆ. ಅಲ್ಲಿಗೆ ಬಾರ್ಲೊನ ಭವಿಷ್ಯವಾಣಿ ಬಿತ್ತು. 1883ರಲ್ಲಿ ರಷ್ಯದ ಒಂದು ಹಳ್ಳಿಯ ಪಾದ್ರಿ ಪೆರ್ವುಶಿನ್, ಮೆರ್ಸೆನ್ ಬಿಟ್ಟಿದ್ದ 61ನ್ನು ಪಟ್ಟಿಗೆ ಸೇರಿಸಿದ. ಲ್ಯೂಕಾನ ಸಂಖ್ಯೆ 1951ರವರೆಗೆ ಮೊದಲ ಸ್ಥಾನದಲ್ಲಿತ್ತು. ಆಮೇಲೆ ಕಂಪ್ಯೂಟರುಗಳ ಕಾಲ. 2024ರ ಅಕ್ಟೋಬರಿನಲ್ಲಿ 17 ದೇಶಗಳಲ್ಲಿ ಹರಡಿದ್ದ ಯಂತ್ರಗಳಿಂದ ಸಿಕ್ಕಿದ ಅವಿಭಾಜ್ಯ 13,62,79,841 ದಿನದ ಮೊತ್ತ. ಅದರ ಅಂಕಿಗಳೇ 4,10,24,320. ಅದನ್ನು ಬರೆಯಲು ಹೊರಟರೆ ನಮ್ಮ ಶಾಲೆಯ ಎಲ್ಲ ನೋಟುಬುಕ್ಕು ಸೇರಿಸಿದರೂ ಸಾಲದು.

ಇನ್ನು ಉಪಯೋಗದ ಮಾತು. ಬಹಳ ಕಾಲ ಕಂಪ್ಯೂಟರುಗಳು ಒಂದೊಂದು ಸಂಖ್ಯೆಗೆ 32 ಮನೆ ಮೀಸಲಿಡುತ್ತಿದ್ದವು. ಒಂದು ಮನೆ ಧನ ಋಣ ಚಿಹ್ನೆಗೆ, ಉಳಿದ 31 ಸಂಖ್ಯೆಗೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ನಮ್ಮ ಭತ್ತದ ಮೊತ್ತವೇ. 2014ರ ಡಿಸೆಂಬರಿನಲ್ಲಿ ಕೊರಿಯಾದ ಒಂದು ಹಾಡನ್ನು ಯೂಟ್ಯೂಬಿನಲ್ಲಿ ನೋಡಿದವರ ಲೆಕ್ಕ ಈ ಅಂಚಿಗೆ ಬಂದು, ಎಣಿಕೆಯ ಮನೆಗಳನ್ನು 64ಕ್ಕೆ ಏರಿಸಬೇಕಾಯಿತು. 1970ರ ಆರಂಭದಿಂದ ಸೆಕೆಂಡು ಎಣಿಸುತ್ತಿರುವ ಹಳೆಯ ಬಗೆಯ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಇದೇ ಅಂಚು ಮುಟ್ಟುತ್ತವೆ.

ಇದೆಲ್ಲ 31 ಮನೆಗಳ ಮಹಿಮೆ, ಅವಿಭಾಜ್ಯತೆಯದಲ್ಲ ಎಂದು ಯಾರಾದರೂ ಹೇಳಬಹುದು. ಸರಿಯೇ. ಆದರೆ ಅವಿಭಾಜ್ಯವಾಗಿರುವುದಕ್ಕೇ ಇದಕ್ಕೆ ಇನ್ನೊಂದು ಕೆಲಸ ಸಿಕ್ಕಿದೆ. ಚೀಟಿ ಎತ್ತಿದಂತೆ ಕ್ರಮವಿಲ್ಲದ ಸಂಖ್ಯೆಗಳು ಕಂಪ್ಯೂಟರಿಗೆ ಆಗಾಗ ಬೇಕಾಗುತ್ತವೆ. 1969ರಲ್ಲಿ ಐಬಿಎಂ ಯಂತ್ರಗಳಿಗಾಗಿ ಪ್ರಕಟವಾದ ಒಂದು ವಿಧಾನ ಹೀಗಿದೆ: 1ರಿಂದ ಹೊರಡಿ, ಪ್ರತಿ ಸಲ 16,807ರಿಂದ ಗುಣಿಸಿ, 2,14,74,83,647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಮೊದಲು 16,807, ಆಮೇಲೆ 28,24,75,249, ಅದಾದ ಮೇಲೆ 1,62,26,50,073. ಆಯ್ಲರ್‌ನ ಅದೇ ಶೇಷಗಳ ವೃತ್ತ! ಇಲ್ಲಿ ಮಾತ್ರ ಸಣ್ಣ ವೃತ್ತಗಳಿಲ್ಲ. 1ರಿಂದ 2,14,74,83,646ರ ತನಕದ ಅಷ್ಟೂ ಸಂಖ್ಯೆಗಳು ಒಂದೇ ವೃತ್ತದಲ್ಲಿ, ಒಂದೂ ಮರುಕಳಿಸದೆ, ಬಂದು ಹೋದ ಮೇಲೆಯೇ ಮತ್ತೆ 1. ಭಾಜಕ ಅವಿಭಾಜ್ಯವಲ್ಲದಿದ್ದರೆ ಅಷ್ಟೂ ಸಂಖ್ಯೆಗಳು ಹೀಗೆ ಒಂದೇ ವೃತ್ತದಲ್ಲಿ ಕೂರಲಾರವು. 1988ರಲ್ಲಿ ಇಬ್ಬರು ವಿದ್ವಾಂಸರು ಇದನ್ನೇ ಕನಿಷ್ಠ ಮಟ್ಟದ ಮಾದರಿಯಾಗಿ ಸೂಚಿಸಿದರು. ಈಗ ಇದಕ್ಕಿಂತ ಒಳ್ಳೆಯ ವಿಧಾನಗಳು ಬಂದಿವೆ. ಆದರೂ ಉಪಯೋಗಕ್ಕೆ ಬಾರದ ಸಂಖ್ಯೆ ಹಲವು ವರ್ಷ ಯಂತ್ರಗಳ ಹೊಟ್ಟೆಯಲ್ಲಿ ದುಡಿಯಿತು.

ಉಪಯೋಗವಾಯಿತು, ಆದ್ದರಿಂದ ಹುಡುಗಿ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆಯ್ಲರ್‌ಗಾಗಲಿ ಆ ಹಳ್ಳಿಯ ಪಾದ್ರಿಗಾಗಲಿ ಕಂಪ್ಯೂಟರಿನ ಕನಸೂ ಇರಲಿಲ್ಲ. ಯಾವುದು ಯಾವಾಗ ಒದಗುತ್ತದೆಂದು ಹೇಳಲು ಬಾರ್ಲೊನಂಥವನಿಗೇ ಆಗಲಿಲ್ಲವೆಂದ ಮೇಲೆ, ಎರವಲು ಗಣಿತದ ನಾನು ಯಾವ ಧೈರ್ಯದಿಂದ ಹೇಳಿದೆ? ಹದಿಮೂರು ವರ್ಷದ ಹುಡುಗಿ ಯಾರೂ ಹೇಳದೆ 112 ಅವಿಭಾಜ್ಯಗಳನ್ನು ಆರಿಸಿಕೊಂಡಿದ್ದಳು. ನಾನು ನೋಡಬೇಕಾಗಿದ್ದುದು ಅದನ್ನು.

ದಸರಾ ರಜೆಯಲ್ಲಿ ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು, ಬೆಲ್ಲ ನೀರು ಕುಡಿದು, ಆ ಸಂಖ್ಯೆ ಭಾಗ ಆಗುವುದಿಲ್ಲ ಎಂದೆ. “ಆಗೂದಿಲ್ವಾ!” ಎಂದು ಅವಳು ನಕ್ಕ ನಗೆಯಲ್ಲಿ ಹಳೆಯ ಹುಡುಗಿ ಕಂಡಳು. ವೃತ್ತಗಳ ಕತೆ ಹೇಳಿದೆ, 311ರ ಕತೆ ಹೇಳಿದೆ. “ಅಷ್ಟ್ರಲ್ಲಿ ಒಂದೇ ಸಾಕಿತ್ತಾ ಅಕ್ಕೋರೇ? 311ಕ್ಕೆ ಎಷ್ಟು ಉಳೀತದೆ?” 69,05,092 ಸಲ ಹೋಗಿ 35 ಉಳಿಯುತ್ತದೆಂದು ನಾನು ಹಿಂದಿನ ರಾತ್ರಿ ಮಾಡಿ ನೋಡಿದ್ದೆ. ಆಮೇಲೆ, ಆ ದಿನ ನಾನು ಹಾಗೆ ಹೇಳಬಾರದಿತ್ತು ಎಂದೆ. ಅವಳು ಲೋಟ ಎತ್ತಿಕೊಳ್ಳುತ್ತ, “ನಿಮಗೆ ನೆನಪುಂಟಾ ಅದು?” ಎಂದಳು. ಅಷ್ಟೇ. ಕ್ಷಮಿಸಿದಳೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ.

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಮಗಳು ಅಷ್ಟರಲ್ಲಿ ಪೆನ್ಸಿಲು ತಂದಿದ್ದಳು. 311 ಆದ ಮೇಲೆ 1303 ಎಂದು ನಾನು ಹೇಳಿದ್ದನ್ನು ಹಿಡಿದುಕೊಂಡು ಭಾಗಾಕಾರಕ್ಕೆ ಕೂತಳು. ನಡುವೆ ಒಮ್ಮೆ ತಪ್ಪಿತು. ತಾಯಿ ಬಗ್ಗಿ ನೋಡಿ ಬೆರಳಿಟ್ಟು ತೋರಿಸಿದಳು. ಕೊನೆಗೆ, “226 ಉಳೀತು ಅಕ್ಕೋರೇ, ಮುಂದಿನದು ಯಾವುದು?” ಎಂದಳು.

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. 1489 ಎಂದು ಹೇಳಿ ಚಪ್ಪಲಿ ಮೆಟ್ಟಿದೆ.